ಬರೋಕ್ ಕಾರಂಜಿಗಳ ತಾಮ್ರದ ಅಚ್ಚುಗಳು: ಅಲಂಕಾರ ಎಲ್ಲಿ ಕೂರಬೇಕು ಎಂದು ಯಾರು ನಿರ್ಧರಿಸುತ್ತಾರೆ?

ತಾಮ್ರಫಲಕ (ಚರ್ಚೆ ಆರಂಭಿಸಿದವರು)

ಹದಿನೇಳನೆಯ ಶತಮಾನದ ರೋಮಿನ ಕಾರಂಜಿಗಳ ಚಿತ್ರವನ್ನು ತಾಮ್ರದ ಹಲಗೆಯಲ್ಲಿ ಕೊರೆದು ಕಾಗದಕ್ಕೆ ಅಚ್ಚೊತ್ತಲು ಇಳಿಸಿದವರಲ್ಲಿ ನನಗೆ ಎಲ್ಲರಿಗಿಂತ ಹೆಚ್ಚು ಇಷ್ಟವಾದವನು ಜೊವಾನ್ನಿ ಬಟ್ಟಿಸ್ಟಾ ಫಾಲ್ಡಾ. 1643ರಲ್ಲಿ ಹುಟ್ಟಿ 1678ರಲ್ಲಿ ತೀರಿಕೊಂಡ. ಅಷ್ಟು ಸಣ್ಣ ಆಯುಷ್ಯದಲ್ಲಿ ರೋಮಿನ ಬೀದಿ, ಚರ್ಚು, ಅರಮನೆ, ತೋಟ, ಕಾರಂಜಿ ಎಲ್ಲವನ್ನೂ ಗೆರೆಗಳಲ್ಲಿ ಕಟ್ಟಿಟ್ಟ. ಅವನ ಕಾರಂಜಿ ಚಿತ್ರಗಳನ್ನು ಜೊವಾನ್ನಿ ಜಾಕೊಮೊ ದೆ ರೊಸ್ಸಿ ಎಂಬ ಮುದ್ರಕ 'ಲೆ ಫೊಂಟಾನೆ ದಿ ರೋಮಾ' ಎಂಬ ಹೆಸರಿನಲ್ಲಿ ಹೊರತಂದ. ಫಾಲ್ಡಾ ತೀರಿದ ಮೇಲೆ ಜೊವಾನ್ನಿ ಫ್ರಾಂಚೆಸ್ಕೊ ವೆಂತುರೀನಿ ಆ ಮಾಲೆಯನ್ನು ಮುಂದುವರಿಸಿದ. ರೋಮಿನ ಬಳಿಯ ತಿವೋಲಿಯಲ್ಲಿರುವ ವಿಲ್ಲಾ ದೆಸ್ತೆ ಎಂಬ ತೋಟದರಮನೆಯ ಹಾಳೆಗಳು ವೆಂತುರೀನಿಯವು.

ಈ ಹಾಳೆಗಳಲ್ಲಿ ಚಿಪ್ಪು, ಡಾಲ್ಫಿನ್, ಬಾಯಿ ತೆರೆದ ಮುಖವಾಡ, ಕಲ್ಲಿನ ಹೂಮಾಲೆ, ಸುರುಳಿ, ಪೋಪ್ ಮನೆತನಗಳ ಲಾಂಛನ ಎಲ್ಲವೂ ಕಿಕ್ಕಿರಿದಿವೆ. ಆದರೂ ನೋಡಿ ಕಣ್ಣು ದಣಿಯುವುದಿಲ್ಲ. ಅದೇ ಕಾಲದಲ್ಲಿ ಪ್ಯಾರಿಸ್ಸಿನಲ್ಲಿದ್ದ ಝಾನ್ ಲ ಪೋತ್ರ್ ಕಲ್ಪಿಸಿ ಕೊರೆದ ಕಾರಂಜಿಗಳನ್ನು ಪಕ್ಕದಲ್ಲಿಟ್ಟರೆ ಕಣ್ಣಿಗೆ ನಿಲ್ಲಲು ಒಂದು ತಾಣವೂ ಸಿಗುವುದಿಲ್ಲ. ಇಬ್ಬರದೂ ಬರೋಕ್, ಅಂದರೆ ಆ ಕಾಲದ ಯುರೋಪಿನ ಅದ್ದೂರಿ ಅಲಂಕಾರದ ಶೈಲಿ, ಇಬ್ಬರೂ ಬಳಸಿದ್ದು ಅದೇ ಅಲಂಕಾರಗಳನ್ನು. ಹಾಗಾದರೆ ವ್ಯತ್ಯಾಸ ಎಲ್ಲಿಂದ ಬರುತ್ತದೆ?

ನನ್ನ ವಾದ ಇದು: ಫಾಲ್ಡಾ ಕೊರೆದ ಕಾರಂಜಿಗಳಲ್ಲಿ ನೀರು ದಿಕ್ಕು ಬದಲಿಸುವ ಜಾಗದಲ್ಲಿಯೇ ಅಲಂಕಾರ ಕುಳಿತಿದೆ. ನೀರು ಹೊರಬರುವಲ್ಲಿ ಮುಖವಾಡ, ಬೀಳುವಲ್ಲಿ ಚಿಪ್ಪು, ತುಂಬಿ ಹರಿಯುವಲ್ಲಿ ತೊಟ್ಟಿಯ ಬಾಗಿದ ಅಂಚು. ಹಾಳೆಯ ಸಂಯೋಜನೆಯೂ ಅದೇ ದಾರಿ ಹಿಡಿಯುತ್ತದೆ. ಲ ಪೋತ್ರ್‌ನ ಅಲಂಕಾರಕ್ಕೆ ನೀರಿನ ಹಂಗಿಲ್ಲ. ಅವನ್ನೇ ಒಂದು ಬೆಂಕಿಗೂಡಿನ ಮೇಲೋ ಬಲಿಪೀಠದ ಮೇಲೋ ಕೂರಿಸಿದರೂ ನಡೆಯುತ್ತದೆ. ಒಪ್ಪುತ್ತೀರಾ?

ಹೊಸಓದುಗ

ಒಂದು ಮೂಲಭೂತ ಪ್ರಶ್ನೆ. ಇರುವುದು ಕಪ್ಪು ಮಸಿ ಮಾತ್ರ. ಅದರಲ್ಲಿ ನೀರನ್ನು ತೋರಿಸುವುದು ಹೇಗೆ? ಕಲ್ಲಿಗಾದರೆ ನೆರಳಿದೆ, ಅಂಚಿದೆ. ಗಾಳಿಯಲ್ಲಿ ಹಾರುವ ನೀರಿಗೆ ಏನಿದೆ?

ಆಮ್ಲಮಸಿ

ಎಚಿಂಗ್, ಅಂದರೆ ತಾಮ್ರದ ಹಲಗೆಯಲ್ಲಿ ಗೆರೆಗಳನ್ನು ಆಮ್ಲದಿಂದ ಕಚ್ಚಿಸಿ ಮೂಡಿಸುವುದು, ನನ್ನ ಕಸುಬು, ಹಾಗಾಗಿ ಇದಕ್ಕೆ ಉತ್ತರಿಸುತ್ತೇನೆ. ನೀರನ್ನು ಯಾರೂ ಕೊರೆಯುವುದಿಲ್ಲ, ಬಿಟ್ಟುಬಿಡುತ್ತಾರೆ. ನೀವು ನೀರು ಎಂದು ನೋಡುತ್ತಿರುವುದು ಹೆಚ್ಚಿನಂಶ ಮಸಿ ತಾಗದ ಕಾಗದ. ಧಾರೆ ಸಾಗುವ ದಾರಿಯಲ್ಲಿ ತುಂಡು ತುಂಡಾದ ನಾಲ್ಕಾರು ಸಣ್ಣ ಗೆರೆಗಳಿರುತ್ತವೆ, ಅಷ್ಟೇ. ಅವೂ ಧಾರೆಯ ಬಾಗಿನ ಜೊತೆಗೇ ಬಾಗಿರಬೇಕು. ಒಂದೇ ಒಂದು ಗೆರೆ ಅಡ್ಡ ಬಂದರೂ ನೀರು ಹಗ್ಗದ ಹಾಗೆ ಕಾಣತೊಡಗುತ್ತದೆ.

ಆದರೆ ಬಿಟ್ಟ ಬಿಳಿ ನೀರಾಗಿ ಕಾಣಬೇಕಾದರೆ ಅದರ ಹಿಂದೆ ಕಪ್ಪು ಬೇಕು. ಸಂಯೋಜನೆಯ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಕೊರೆಯುವವನು ನಿಲ್ಲುವ ಜಾಗವನ್ನು ಆರಿಸುವಾಗಲೇ ಧಾರೆಯ ಹಿಂದೆ ಒಂದು ಕಮಾನಿನ ನೆರಳೋ ಮರಗಳ ಗುಂಪೋ ಗೋಡೆಯ ಗೂಡೋ ಬರುವಂತೆ ನೋಡಿಕೊಳ್ಳುತ್ತಾನೆ. ಧಾರೆ ಕಟ್ಟಡವನ್ನು ದಾಟಿ ಆಕಾಶಕ್ಕೆ ಏರಿದರೆ ಲೆಕ್ಕ ತಲೆಕೆಳಗಾಗುತ್ತದೆ. ಕೆಳಗೆ ಕಪ್ಪಿನ ಮೇಲೆ ಬಿಳಿಯಾಗಿದ್ದ ನೀರು ಮೇಲೆ ಬಿಳಿಯ ಮೇಲೆ ತೆಳುಗಪ್ಪಾಗಬೇಕು. ಆ ದಾಟುವ ಬಿಂದುವನ್ನು ಭೂತಗನ್ನಡಿ ಹಿಡಿದು ನೋಡಿ. ಕುಶಲಿಯ ಕೈ ಅಲ್ಲಿ ಗೊತ್ತಾಗುತ್ತದೆ.

ಇನ್ನು ಆಳದ ವಿಷಯ. ಅಬ್ರಹಾಂ ಬಾಸ್ 1645ರಲ್ಲಿ ಪ್ಯಾರಿಸ್ಸಿನಲ್ಲಿ ಎಚಿಂಗ್ ಬಗ್ಗೆ ಒಂದು ಕೈಪಿಡಿ ಹೊರತಂದ. ವಿನೆಗರ್, ಉಪ್ಪು, ನವಸಾಗರ, ತಾಮ್ರದ ಕಿಲುಬು ಸೇರಿಸಿ ಕುದಿಸಿದ ದ್ರಾವಣವನ್ನು ಹಲಗೆಯ ಮೇಲೆ ಮತ್ತೆ ಮತ್ತೆ ಸುರಿಯುವ ಕ್ರಮವನ್ನು ಅದರಲ್ಲಿ ವಿವರಿಸಿದ್ದಾನೆ. ದೂರದ ಗೆರೆಗಳಿಗೆ ಸಾಕಷ್ಟು ಕಚ್ಚಿದ ಕೂಡಲೇ ಅವನ್ನು ಜಿಡ್ಡಿನಿಂದ ಮುಚ್ಚಿ, ಹತ್ತಿರದ ಗೆರೆಗಳನ್ನು ಮಾತ್ರ ಇನ್ನಷ್ಟು ಕಚ್ಚಲು ಬಿಡಬೇಕು. ಝಾಕ್ ಕಾಲೋ ಎಂಬ ಲೊರೇನ್ ಪ್ರಾಂತ್ಯದ ಕಲಾವಿದ ಅದಕ್ಕೂ ಮೊದಲೇ ಈ ಹಂತಹಂತದ ಕಚ್ಚುವಿಕೆಯನ್ನು ಪಳಗಿಸಿಕೊಂಡಿದ್ದ. ಇದರ ಫಲವಾಗಿ ಹಿಂದಿನ ಅರಮನೆಗಳು ಬೂದು ಮಂಜಿನಂತೆ ಹಿಂದೆ ಸರಿಯುತ್ತವೆ, ಮುಂದಿರುವ ತೊಟ್ಟಿಯ ಅಂಚು ಗಟ್ಟಿಯಾಗಿ ಮುಂದೆ ಬರುತ್ತದೆ. ಫಾಲ್ಡಾ ಹಾಳೆಯಲ್ಲಿ ಕಣ್ಣು ದಣಿಯದಿರುವುದಕ್ಕೆ ಇದೂ ಕಾರಣ. ಹಿಂದಿರುವ ಅಲಂಕಾರ ಇದ್ದೂ ಇಲ್ಲದಂತಿರುತ್ತದೆ.

ಇಷ್ಟೆಲ್ಲವನ್ನೂ ಎಡಬಲ ಬದಲಿಸಿ ಬರೆಯಬೇಕು ಎಂಬುದನ್ನು ಮರೆಯಬೇಡಿ. ಅಚ್ಚಿನಲ್ಲಿ ಚೌಕ ಸರಿಯಾಗಿ ಕಾಣಬೇಕಾದರೆ ತಾಮ್ರದ ಮೇಲೆ ಅದು ಕನ್ನಡಿಯ ಪ್ರತಿಬಿಂಬವಾಗಿರಬೇಕು.

ನೀರೆತ್ತರ

ನಾನು ಕಲಾವಿದನಲ್ಲ, ನೀರು ಸರಬರಾಜಿನ ಎಂಜಿನಿಯರ್. ತಾಮ್ರಫಲಕ ಅವರ ವಾದವನ್ನು ನನ್ನ ಕಡೆಯಿಂದ ಗಟ್ಟಿಮಾಡಬಲ್ಲೆ ಅನಿಸುತ್ತದೆ.

ರೋಮಿನ ಕಾರಂಜಿಗಳಿಗೆ ಪಂಪ್ ಇರಲಿಲ್ಲ. ಕಾಲುವೆ ಎಷ್ಟು ಎತ್ತರದಿಂದ ಬರುತ್ತದೋ ಅಷ್ಟೇ ಒತ್ತಡ. ಮೂರು ಮುಖ್ಯ ಕಾಲುವೆಗಳಿದ್ದವು, ಮೂರಕ್ಕೂ ಬೇರೆ ಬೇರೆ ಎತ್ತರ. ಅಕ್ವಾ ವೆರ್ಜಿನೆ ಬಹಳ ತಗ್ಗಿನಲ್ಲಿ ಬರುತ್ತದೆ. ಅಕ್ವಾ ಫೆಲಿಚೆ ಅದಕ್ಕಿಂತ ಮೇಲೆ. ಬ್ರಾಚ್ಚಾನೊ ಸರೋವರದ ಕಡೆಯಿಂದ ಹೊರಟು ಜಾನಿಕೊಲೊ ಗುಡ್ಡಕ್ಕೆ ತಲುಪುವ ಅಕ್ವಾ ಪಾವೊಲಾ ಎಲ್ಲಕ್ಕಿಂತ ಎತ್ತರದ್ದು.

ಈಗ ಕಾರಂಜಿಗಳನ್ನು ನೋಡಿ. ಸ್ಪೇನ್ ಚೌಕದ ಬಾರ್ಕಾಚ್ಚಾ, 1627ರಿಂದ 1629ರ ನಡುವೆ ಕಟ್ಟಿದ್ದು, ಅಕ್ವಾ ವೆರ್ಜಿನೆಯ ನೀರು. ಒತ್ತಡವಿಲ್ಲದ ಕಾರಣ ಕಾರಂಜಿಯನ್ನೇ ನೆಲಮಟ್ಟಕ್ಕಿಂತ ಕೆಳಗಿಟ್ಟು, ಅರೆ ಮುಳುಗಿದ ದೋಣಿಯ ಆಕಾರ ಕೊಟ್ಟರು. ದೋಣಿಯೊಳಗೆ ಸೂರ್ಯನ ಮುಖಗಳು ನೀರು ಉಗುಳುತ್ತವೆ, ಹೊರಗೆ ಫಿರಂಗಿಯ ಬಾಯಿಗಳು. ನವೋನಾ ಚೌಕದಲ್ಲಿ ಶಿಲ್ಪಿ ಬೆರ್ನೀನಿ 1651ರಲ್ಲಿ ಮುಗಿಸಿದ ನಾಲ್ಕು ನದಿಗಳ ಕಾರಂಜಿಗೂ ಅದೇ ತಗ್ಗಿನ ನೀರು. ಅಲ್ಲಿ ನೀರು ಬುಡದಲ್ಲಿಯೇ ಹೊರಬಿದ್ದು ಬುಡದಲ್ಲಿಯೇ ಹರಿಯುತ್ತದೆ. ಎತ್ತರವನ್ನು ಕೊಟ್ಟಿದ್ದು ಬಂಡೆ ಮತ್ತು ಒಬೆಲಿಸ್ಕ್, ಅಂದರೆ ಮೇಲಕ್ಕೆ ಕಿರಿದಾಗುವ ನಾಲ್ಕು ಮುಖದ ಕಲ್ಲುಕಂಬ. ನೀರು ಏರಲಾರದೆಂದು ಕಲ್ಲನ್ನು ಏರಿಸಿದ್ದಾರೆ.

ಬಾರ್ಬೆರೀನಿ ಚೌಕದಲ್ಲಿರುವ ಟ್ರೈಟನ್ ಎಂಬ ಕಡಲದೇವತೆಯ ಕಾರಂಜಿ ಅಕ್ವಾ ಫೆಲಿಚೆಯ ನೀರಿನದು. ಸಂತ ಪೀಟರ್ ಚೌಕದ ಜೋಡಿ ಕಾರಂಜಿಗಳಿಗೆ ಅಕ್ವಾ ಪಾವೊಲಾ. ಈ ಜೋಡಿಯಲ್ಲಿ ಮೊದಲನೆಯದನ್ನು ವಾಸ್ತುಶಿಲ್ಪಿ ಮದೆರ್ನೊ ರೂಪಿಸಿದ. ನೆತ್ತಿಯಲ್ಲಿ ಒಂದು ಬೋರಲು ಬಟ್ಟಲು, ಅದರ ಮೈತುಂಬ ಕಲ್ಲಿನ ಹುರುಪೆಗಳು. ಮೇಲಕ್ಕೆ ಚಿಮ್ಮಿದ ನೀರು ಹುರುಪೆಗಳ ಮೇಲೆ ಬಿದ್ದು ಒಡೆದು ನೊರೆಯಾಗಿ ಇಳಿಯುತ್ತದೆ. ಇಲ್ಲಿ ಪ್ರತಿಮೆಯೇ ಇಲ್ಲ, ನೀರಿನ ಕುಚ್ಚೇ ಪ್ರತಿಮೆ. ಒತ್ತಡ ಇದ್ದಲ್ಲಿ ಕಲ್ಲು ಸುಮ್ಮನಿರುತ್ತದೆ. ಒತ್ತಡ ಇಲ್ಲದಲ್ಲಿ ಕಲ್ಲೇ ಎಲ್ಲವನ್ನೂ ಮಾಡಬೇಕಾಗುತ್ತದೆ.

ಆದ್ದರಿಂದ ಯಾವ ಅಲಂಕಾರ ಎಲ್ಲಿ, ಎಷ್ಟು ಎಂಬುದನ್ನು ಅರ್ಧಕ್ಕರ್ಧ ನಿರ್ಧರಿಸಿದ್ದು ಕಾಲುವೆಯ ಮಟ್ಟ. ಕೊರೆಯುವವನು ಅದನ್ನು ನಿಷ್ಠೆಯಿಂದ ಇಳಿಸಿದರೆ ಸಂಯೋಜನೆ ತಾನೇ ಒದಗಿ ಬರುತ್ತದೆ.

ಕಲ್ಲುಮಂಟಪ

'ನಿಷ್ಠೆಯಿಂದ' ಎಂಬ ಮಾತಿಗೆ ನನ್ನ ತಕರಾರಿದೆ. ವಾಸ್ತುಶಿಲ್ಪದ ಇತಿಹಾಸ ಓದುವವಳಾಗಿ ಹೇಳುತ್ತೇನೆ, ಈ ಹಾಳೆಗಳು ಪ್ರಚಾರದ ಸಾಮಗ್ರಿಯೂ ಹೌದು. ಅಲಂಕಾರದ ಜಾಗವನ್ನು ನೀರು ನಿರ್ಧರಿಸುತ್ತದೆ ಎನ್ನುವಾಗ ಹಣ ಕೊಟ್ಟವರನ್ನು ಮರೆಯಬಾರದು. ಟ್ರೈಟನ್ ಕಾರಂಜಿಯಲ್ಲಿ ನಾಲ್ಕು ಡಾಲ್ಫಿನ್‌ಗಳ ಬಾಲಗಳ ನಡುವೆ ಪೋಪ್ ಕಿರೀಟ, ಕೀಲಿಕೈಗಳು, ಬಾರ್ಬೆರೀನಿ ಮನೆತನದ ಜೇನುನೊಣಗಳಿವೆ. ಅಲ್ಲಿ ನೀರು ದಿಕ್ಕು ಬದಲಿಸುವುದಿಲ್ಲ, ನೋಡುವವರ ಕಣ್ಣು ಮಾತ್ರ ಅಲ್ಲಿಗೇ ಹೋಗುತ್ತದೆ. ನವೋನಾದ ಒಬೆಲಿಸ್ಕಿನ ತುದಿಯಲ್ಲಿ ಆಲಿವ್ ಟೊಂಗೆ ಹಿಡಿದ ಪಾರಿವಾಳ ಕೂತಿದೆ. ಅದು ಪೋಪ್ ಹತ್ತನೆಯ ಇನ್ನೊಸೆಂಟ್ ಅವರ ಪಾಂಫೀಲಿ ಮನೆತನದ ಗುರುತು. ನೀರು ಎಂದಿಗೂ ಮುಟ್ಟದ ಎತ್ತರ ಅದು.

ಇನ್ನು ಅಳತೆ. ಫಾಲ್ಡಾ ಹಾಳೆಗಳಲ್ಲಿ ಓಡಾಡುವ ಜನರನ್ನು ನೋಡಿ. ಕೈ ಚಾಚಿ ತೋರಿಸುವ ಗಂಡಸರು, ಗಾಡಿಗಳು, ನಾಯಿಗಳು. ನಿಜವಾದ ಮನುಷ್ಯರಿಗಿಂತ ಅವರು ಕುಳ್ಳಗಾಗಿದ್ದಾರೆ. ಜನ ಕುಗ್ಗಿದಷ್ಟೂ ಕಾರಂಜಿ ಹಿಗ್ಗುತ್ತದೆ, ಚೌಕವೂ ಅಗಲವಾಗುತ್ತದೆ. ರೋಮಿಗೆ ಬಂದ ಯಾತ್ರಿಕ ಊರಿಗೆ ಒಯ್ಯುತ್ತಿದ್ದದ್ದು ಈ ಹಿಗ್ಗಿಸಿದ ರೋಮನ್ನು. ಅಡಿಯ ಪಟ್ಟಿಯಲ್ಲಿ ಕಾರಂಜಿಯ ಹೆಸರು, ಚೌಕ, ಶಿಲ್ಪಿಯ ಹೆಸರು ಇರುತ್ತವೆ. ಆ ಬರಹವನ್ನೂ ಸಂಯೋಜನೆಯ ಭಾಗವಾಗಿಯೇ ಓದಬೇಕು ಎಂಬುದು ನನ್ನ ನಿಲುವು.

ತಾಮ್ರಫಲಕ

ಲಾಂಛನದ ಮಾತು ಒಪ್ಪುವಂಥದ್ದು. ನನ್ನ ವಾದಕ್ಕೆ ಒಂದು ತಿದ್ದುಪಡಿ ಹಾಕಿಕೊಳ್ಳುತ್ತೇನೆ: ನೀರಿನ ಅಲಂಕಾರ ಒಂದು ಬಗೆ, ಒಡೆತನದ ಅಲಂಕಾರ ಇನ್ನೊಂದು. ಫಾಲ್ಡಾ ಎರಡನ್ನೂ ಕೊರೆದ, ಆದರೆ ಬೇರೆ ಬೇರೆ ಗೆರೆಗಳಿಂದ. ಲಾಂಛನಕ್ಕೆ ಸ್ಪಷ್ಟವಾದ, ಮುಚ್ಚಿದ ಹೊರಗೆರೆ. ಚಿಪ್ಪಿಗೂ ಡಾಲ್ಫಿನ್‌ಗೂ ನೀರು ಬೀಳುವ ಕಡೆ ಬಿಟ್ಟುಬಿಟ್ಟು ಬರುವ, ತೆರೆದ ಗೆರೆ.

ಅಳತೆ ಹಿಗ್ಗಿಸಿದ್ದಾನೆ ಎಂಬುದು ನಿಜ. ಆದರೆ ಇದ್ದದ್ದನ್ನು ಇದ್ದಂತೆ ತೋರಿಸುವುದರಲ್ಲಿ ಅವನನ್ನು ಹಗುರವಾಗಿ ತಳ್ಳಿಹಾಕಲಾಗದು. ಜಾನಿಕೊಲೊ ಗುಡ್ಡದ ಅಕ್ವಾ ಪಾವೊಲಾ ಕಾರಂಜಿಯನ್ನೇ ತೆಗೆದುಕೊಳ್ಳಿ. ಇಂದು ಅದರ ಐದು ಕಮಾನುಗಳ ಮುಂದೆ ಒಂದು ವಿಶಾಲವಾದ ಕೊಳವಿದೆ. ಅದನ್ನು ಸೇರಿಸಿದ್ದು 1690ರಲ್ಲಿ ಕಾರ್ಲೊ ಫೊಂತಾನ. ಅದಕ್ಕೂ ಮೊದಲು ಪ್ರತಿ ಕಮಾನಿನ ಕೆಳಗೆ ಒಂದೊಂದು ಸಣ್ಣ ತೊಟ್ಟಿಯಿತ್ತು. ಆ ಹಳೆಯ ಮುಖವನ್ನು ತಿಳಿಯಲು ನಮಗಿರುವ ದಾರಿ ಅಂದಿನ ಅಚ್ಚುಗಳೇ. ಬಾರ್ಕಾಚ್ಚಾ ವಿಷಯದಲ್ಲೂ ಹಾಗೆಯೇ. ಇಂದು ಅದರ ಹಿಂದೆ ಏರುವ ಹೆಸರಾಂತ ಮೆಟ್ಟಿಲುಗಳನ್ನು ಕಟ್ಟಿದ್ದು 1723ರಿಂದ 1726ರಲ್ಲಿ. ಹದಿನೇಳನೆಯ ಶತಮಾನದ ಅಚ್ಚಿನಲ್ಲಿ ದೋಣಿಯ ಹಿಂದೆ ಬರಿಯ ಇಳಿಜಾರು ದಿಬ್ಬ. ಮೆಟ್ಟಿಲುಗಳಿಲ್ಲದ ಆ ನೋಟದಲ್ಲಿ ಕಾರಂಜಿಯ ತಗ್ಗು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ.

ಹೊಸಓದುಗ

ನವೋನಾ ಕಾರಂಜಿಯಲ್ಲಿ ಒಬ್ಬ ನದಿದೇವತೆ ಕೈ ಎತ್ತಿರುವುದು ಎದುರಿನ ಚರ್ಚು ಬೀಳುತ್ತದೆಂಬ ಭಯಕ್ಕೆ, ಅದು ಬೆರ್ನೀನಿ ತನ್ನ ಎದುರಾಳಿ ವಾಸ್ತುಶಿಲ್ಪಿ ಬೊರೊಮೀನಿಗೆ ಮಾಡಿದ ಅವಮಾನ ಎಂದು ಓದಿದ್ದೇನೆ. ಮತ್ತೆ, ಅಲ್ಲಿ ನಮ್ಮ ಗಂಗೆಯೂ ಇದ್ದಾಳಂತೆ?

ಕಲ್ಲುಮಂಟಪ

ಅವಮಾನದ ಕತೆಯನ್ನು ಕಾಲವೇ ಸುಳ್ಳಾಗಿಸುತ್ತದೆ. ಕಾರಂಜಿ ಮುಗಿದದ್ದು 1651ರಲ್ಲಿ. ಬೊರೊಮೀನಿ ಸಂತ ಆಗ್ನೆಸೆ ಚರ್ಚಿನ ಕೆಲಸ ಕೈಗೆತ್ತಿಕೊಂಡದ್ದು 1653ರಲ್ಲಿ. ನೈಲ್ ತಲೆಗೆ ಮುಸುಕು ಹೊದ್ದಿರುವುದೂ ಆ ಚರ್ಚನ್ನು ನೋಡಲಾರದೆ ಅಲ್ಲ. ಆ ನದಿಯ ಮೂಲ ಯುರೋಪಿಗೆ ಆಗ ತಿಳಿದಿರಲಿಲ್ಲ ಎಂಬುದರ ಸೂಚನೆ ಅದು.

ಗಂಗೆ ಇದೆ, ಆದರೆ ಗಂಡಾಗಿ. ಡ್ಯಾನ್ಯೂಬ್, ನೈಲ್, ರಿಯೊ ದೆ ಲಾ ಪ್ಲಾತಾ, ಗಂಗಾ, ಹೀಗೆ ನಾಲ್ಕು ಖಂಡಗಳಿಗೆ ನಾಲ್ಕು ನದಿಗಳು. ಗಂಗೆಯನ್ನು ಕೆತ್ತಿದವನು ಕ್ಲೋದ್ ಪೂಸ್ಸೆ. ಗಡ್ಡ ಬಿಟ್ಟ, ಗಟ್ಟಿಮುಟ್ಟಾದ ಮೈಯವನು, ಕೈಯಲ್ಲಿ ಉದ್ದನೆಯ ಹುಟ್ಟು. ದೋಣಿ ನಡೆಸಲು ಯೋಗ್ಯವಾದ ನದಿ ಎಂದು ಅದರ ಅರ್ಥ. ನದಿಗಳನ್ನು ಒರಗಿ ಕುಳಿತ ಗಡ್ಡದ ಗಂಡಸರಾಗಿ ತೋರಿಸುವುದು ಪ್ರಾಚೀನ ರೋಮಿನ ಪದ್ಧತಿ, ಬೆರ್ನೀನಿ ಅದನ್ನು ಎತ್ತಿಕೊಂಡ. ಚಾಲುಕ್ಯರ ಗುಡಿಗಳ ಬಾಗಿಲುವಾಡದಲ್ಲಿ ಮಕರದ ಮೇಲೆ ನಿಂತ ಗಂಗೆಯನ್ನು ನೋಡಿ ಬೆಳೆದವರಿಗೆ ಈ ಗಂಡು ಗಂಗೆಯನ್ನು ಗುರುತಿಸುವುದು ಕಷ್ಟ. ನನಗಂತೂ ಆ ಹುಟ್ಟು ಬಹಳ ಇಷ್ಟ. ಸುತ್ತಲಿನ ಒರಟು ಬಂಡೆ, ತಾಳೆ ಮರ, ಸಿಂಹ, ಕುದುರೆಗಳ ಗದ್ದಲದ ನಡುವೆ ಒಂದು ನೇರವಾದ ಓರೆಗೆರೆ. ಮೇಲೆ ಒಬೆಲಿಸ್ಕಿನ ನೆಟ್ಟಗಿನ ಗೆರೆಯನ್ನು ಬಿಟ್ಟರೆ ಬುಡದಲ್ಲಿ ಕೊರೆಯುವವನಿಗೆ ಸಿಗುವ ನೇರ ಗೆರೆಗಳು ಬಹಳ ಕಡಿಮೆ.

ಬಡಗುತೋಟ

ಜರ್ಮನಿಯಲ್ಲಿದ್ದೇನೆ, ಅಲ್ಲಿನ ಒಂದು ಪುಸ್ತಕವನ್ನು ಇಲ್ಲಿ ಸೇರಿಸಬೇಕು. ಗೇಯೋರ್ಗ್ ಆಂದ್ರೆಯಾಸ್ ಬ್ಯೋಕ್ಲರ್ 1664ರಲ್ಲಿ ನ್ಯೂರಂಬರ್ಗ್‌ನಲ್ಲಿ ಪ್ರಕಟಿಸಿದ 'ಆರ್ಕಿಟೆಕ್ಚೂರಾ ಕ್ಯೂರಿಯೋಸಾ ನೋವಾ'. ಮೊದಲ ಭಾಗದಲ್ಲಿ ನೀರನ್ನು ಎತ್ತುವ, ಸಾಗಿಸುವ ತತ್ವಗಳು. ಆಮೇಲೆ ಧಾರೆಗಳು, ಕಾರಂಜಿಗಳು, ಗುಹೆಗಳು ಮತ್ತು ತೋಟಗಳು.

ಧಾರೆಗಳ ಭಾಗವನ್ನು ಎಲ್ಲರೂ ನೋಡಬೇಕು. ಅಲ್ಲಿ ಕಲ್ಲು ಬಹುತೇಕ ಮಾಯ. ಒಂದು ಕೊಳವೆಯ ಬಾಯಿ, ಅದರಿಂದ ಹೊರಟ ನೀರು. ಬಾಯಿಯ ಆಕಾರ ಬದಲಾದಂತೆ ನೀರು ಕೊಡೆಯಾಗಿ, ಗಂಟೆಯಾಗಿ, ನಕ್ಷತ್ರವಾಗಿ ಬಿಚ್ಚಿಕೊಳ್ಳುತ್ತದೆ. ಕೆಲವು ಕಡೆ ಧಾರೆಯ ತುದಿಯಲ್ಲಿ ಒಂದು ಚೆಂಡು ಕುಣಿಯುತ್ತದೆ. ಅಲಂಕಾರವೂ ನೀರೇ, ಆಕೃತಿಯೂ ನೀರೇ. ಕೊರೆತ ಫಾಲ್ಡಾನಷ್ಟು ನಾಜೂಕಲ್ಲ, ಗೆರೆಗಳು ಸ್ವಲ್ಪ ಒಣಗಿದಂತಿವೆ, ನೆರಳು ಗಿಡ್ಡವಾಗಿದೆ. ಆದರೆ ಅದಕ್ಕೆ ಬೇರೆ ಉದ್ದೇಶವಿದೆ. ಇದು ನೋಡಿ ಮಾಡುವ ಮಾದರಿಗಳ ಪುಸ್ತಕ. ಧಾರೆಯ ಹಿಂದೆ ಮರವಿಲ್ಲ, ಕಮಾನಿಲ್ಲ, ಹೆಚ್ಚಿನ ಕಡೆ ಖಾಲಿ ಹಾಳೆ. ಆಮ್ಲಮಸಿ ಹೇಳಿದ ಬಿಳಿ ನೀರಿನ ನಿಯಮ ಇಲ್ಲಿ ನಡೆಯುವುದಿಲ್ಲ. ಪ್ರತಿ ಹನಿಯ ದಾರಿಯನ್ನೂ ಕಪ್ಪು ಗೆರೆಯಲ್ಲೇ ತೋರಿಸಬೇಕು, ಇಲ್ಲದಿದ್ದರೆ ಕೊಳವೆ ಮಾಡುವವನಿಗೆ ಅರ್ಥವಾಗುವುದಿಲ್ಲ.

ಇದೇ ನ್ಯೂರಂಬರ್ಗ್‌ನಲ್ಲಿ 1685ರಲ್ಲಿ ಯೋವಾಖಿಮ್ ಫಾನ್ ಜಾಂಡ್ರಾರ್ಟ್ ರೋಮಿನ ಕಾರಂಜಿಗಳ ಒಂದು ದೊಡ್ಡ ಸಂಪುಟ ತಂದ. ಇಟಲಿಯ ಹಾಳೆಗಳ ಆಧಾರದ ಮೇಲೆ ಮರುಕೊರೆತ ಮಾಡಿಸಿದ್ದು. ಆಲ್ಪ್ಸ್ ಪರ್ವತದ ಉತ್ತರಕ್ಕೆ ಬೆರ್ನೀನಿಯ ಚಿಪ್ಪು, ಟ್ರೈಟನ್‌ಗಳು ಹಬ್ಬಿದ ದಾರಿಗಳಲ್ಲಿ ಇದೂ ಒಂದು. ಮೂಲವನ್ನು ನೋಡದ ಶಿಲ್ಪಿ ಅಚ್ಚನ್ನು ನೋಡಿ ಕಲ್ಲು ಕೆತ್ತುತ್ತಿದ್ದ.

ಆಮ್ಲಮಸಿ

ಬಡಗುತೋಟ ಅವರ ಮಾತು ಲ ಪೋತ್ರ್ ಪ್ರಶ್ನೆಗೂ ಉತ್ತರವಾಗುತ್ತದೆ. ಅವನ ಕಲ್ಪಿತ ಕಾರಂಜಿಗಳನ್ನು ಚಿತ್ರಗಳೆಂದು ನೋಡಿ ದಣಿಯುತ್ತೇವೆ. ಅವು ಅಕ್ಕಸಾಲಿಗರಿಗೆ, ಮರಗೆಲಸದವರಿಗೆ, ಶಿಲ್ಪಿಗಳಿಗೆ ಬೇಕಾದದ್ದನ್ನು ಆರಿಸಿಕೊಳ್ಳಲು ಕೊಟ್ಟ ಭಂಡಾರ. ಒಂದು ಹಾಳೆಯಲ್ಲಿ ಎಷ್ಟು ಹೆಚ್ಚು ಮಾದರಿ ಹಿಡಿಸಿದರೆ ಕೊಂಡವನಿಗೆ ಅಷ್ಟು ಲಾಭ. ಎಡಭಾಗದಲ್ಲಿ ಒಂದು ಬಗೆಯ ಕಾಲು, ಬಲಭಾಗದಲ್ಲಿ ಇನ್ನೊಂದು ಬಗೆ ಎಂದು ಒಂದೇ ವಿನ್ಯಾಸದಲ್ಲಿ ಎರಡು ಆಯ್ಕೆ ಕೊಡುವುದು ಆ ಕಾಲದ ಅಲಂಕರಣ ಹಾಳೆಗಳಲ್ಲಿ ಸಾಮಾನ್ಯ. ಅದೇ ಕೈ ಫ್ರಾನ್ಸಿನ ದೊರೆಯ ವರ್ಸೈ ಅರಮನೆಯ ತೋಟದ ಕಾರಂಜಿಗಳನ್ನು ಕೊರೆಯುವಾಗ ಎಷ್ಟು ಸಂಯಮದಿಂದ ನಡೆದುಕೊಂಡಿದೆ ನೋಡಿ. ಅಲ್ಲಿ ಬೇಕಿದ್ದದ್ದು ದೊರೆಯ ತೋಟದ ನೋಟ, ಅದಕ್ಕೆ ತಕ್ಕ ಖಾಲಿ ಜಾಗ ಬಿಟ್ಟಿದ್ದಾನೆ. ಆದ್ದರಿಂದ ಲ ಪೋತ್ರ್‌ಗೆ ಸಂಯೋಜನೆ ಬರುತ್ತಿರಲಿಲ್ಲ ಎಂಬ ಧ್ವನಿ ಬೇಡ ಎಂಬುದು ನನ್ನ ವಿನಂತಿ.

ನೀರೆತ್ತರ

ವರ್ಸೈ ಹೆಸರು ಬಂದಿದ್ದರಿಂದ ಒಂದು ಮಾತು. ಅಲ್ಲಿನ ಅಚ್ಚುಗಳಲ್ಲಿ ಎಲ್ಲ ಕಾರಂಜಿಗಳೂ ಸದಾ ಚಿಮ್ಮುತ್ತಿರುತ್ತವೆ. ವಾಸ್ತವದಲ್ಲಿ ನೀರು ಸಾಲುತ್ತಿರಲಿಲ್ಲ. ಹದಿನಾಲ್ಕನೆಯ ಲೂಯಿ ನಡೆದು ಬರುವ ಹಾದಿಯ ಕಾರಂಜಿಗಳನ್ನು ಮಾತ್ರ ತೆರೆಯಲು ಕಾವಲುಗಾರರು ಸೀಟಿ ಊದಿ ಒಬ್ಬರಿಗೊಬ್ಬರು ಸೂಚನೆ ಕೊಡುತ್ತಿದ್ದರು. ಸೇನ್ ನದಿಯಿಂದ ನೀರೆತ್ತಲು ಹದಿನಾಲ್ಕು ಬೃಹತ್ ಚಕ್ರಗಳ ಮಾರ್ಲಿ ಯಂತ್ರವನ್ನು 1684ರಲ್ಲಿ ಚಾಲೂ ಮಾಡಿದ ಮೇಲೂ ಕೊರತೆ ನೀಗಲಿಲ್ಲ. ರೋಮಿನ ಅಚ್ಚಿನಲ್ಲಿ ನೀರು ಇದ್ದಷ್ಟೇ ಇದೆ, ವರ್ಸೈ ಅಚ್ಚಿನಲ್ಲಿ ಬಯಸಿದಷ್ಟಿದೆ. ನನ್ನಂಥವರಿಗೆ ಇದು ದೊಡ್ಡ ವ್ಯತ್ಯಾಸ.

ಕಲ್ಲುಮಂಟಪ

ವರ್ಸೈ ಅಚ್ಚುಗಳಲ್ಲಿ ನನ್ನ ಮನಸ್ಸಿಗೆ ಹತ್ತಿರವಾದವು ಸೆಬಾಸ್ತಿಯಾನ್ ಲೆಕ್ಲೆರ್ಕ್ ಕೊರೆದ ಚಕ್ರವ್ಯೂಹದ ಹಾಳೆಗಳು. ಪೊದೆಗಳ ಗೋಡೆಗಳ ನಡುವೆ ಈಸೋಪನ ನೀತಿಕತೆಗಳ 39 ಕಾರಂಜಿಗಳಿದ್ದವು. ಬಣ್ಣ ಬಳಿದ ಸೀಸದ ಪ್ರಾಣಿಗಳು ಬಾಯಿಯಿಂದ ಒಬ್ಬರ ಮೇಲೊಬ್ಬರು ನೀರು ಉಗುಳುತ್ತಿದ್ದವು. ಪ್ರಾಣಿಗಳ ಜಗಳವೇ ಧಾರೆಗಳ ಜಗಳ, ಎರಡು ಬಾಗು ಎದುರುಬದುರಾಗಿ ಬಂದು ನಡುವೆ ಒಡೆಯುತ್ತವೆ. ತಾಮ್ರಫಲಕ ಅವರ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಕಾಣದು, ನಾನೇ ಎದುರು ವಾದಿಸಿದ್ದರೂ ಇದನ್ನು ಕೊಡುತ್ತಿದ್ದೇನೆ. ಆ ಚಕ್ರವ್ಯೂಹವನ್ನು 1770ರ ದಶಕದಲ್ಲಿ ಕಿತ್ತುಹಾಕಿದರು. 1677ರ ಪುಸ್ತಕದಲ್ಲಿರುವ ಹಾಳೆಗಳಿಂದಲೇ ಇಂದು ಅದರ ರೂಪ ತಿಳಿಯುತ್ತದೆ.

ಹೊಸಓದುಗ

ಫಾಲ್ಡಾನ ತಾಮ್ರದ ಹಲಗೆಗಳು ಏನಾದವು?

ತಾಮ್ರಫಲಕ

ದೆ ರೊಸ್ಸಿ ಮುದ್ರಣಾಲಯದ ಸಂಗ್ರಹವನ್ನು 1738ರಲ್ಲಿ ಪೋಪ್ ಆಡಳಿತ ಕೊಂಡುಕೊಂಡಿತು. ಆ ಸಂಗ್ರಹ ಇಂದು ರೋಮಿನ ಕೇಂದ್ರ ಗ್ರಾಫಿಕ್ ಸಂಸ್ಥೆಯಲ್ಲಿದೆ. ಅದರ ಕಟ್ಟಡ ಪಲಾಝೊ ಪೋಲಿ, ಅಂದರೆ ಟ್ರೆವಿ ಕಾರಂಜಿ ಬೆನ್ನು ಆನಿಸಿ ನಿಂತಿರುವ ಅರಮನೆಯೇ.

ಬಡಗುತೋಟ

ಜನರನ್ನು ಕುಗ್ಗಿಸಿ ಕಾರಂಜಿಯನ್ನು ಹಿಗ್ಗಿಸುವ ಮಾತು ಬಂದಿತ್ತಲ್ಲ, ಅದಕ್ಕೆ ತದ್ವಿರುದ್ಧವಾದ ಒಂದು ಉದಾಹರಣೆ ಚೀನಾದಲ್ಲಿದೆ. ಬೀಜಿಂಗ್ ಬಳಿಯ ಯುವಾನ್‌ಮಿಂಗ್‌ಯುವಾನ್ ತೋಟದಲ್ಲಿ ಚಿಯೆನ್‌ಲುಂಗ್ ಚಕ್ರವರ್ತಿ ಯುರೋಪಿನ ಮಾದರಿಯ ಅರಮನೆಗಳನ್ನು ಕಟ್ಟಿಸಿದ. ವಿನ್ಯಾಸ ಜೆಸುಯಿಟ್ ಎಂಬ ಕ್ರೈಸ್ತ ಸನ್ಯಾಸಿ ಸಂಘಕ್ಕೆ ಸೇರಿದ ಇಟಲಿಯ ಕಸ್ತಿಲ್ಯೋನೆಯದು, ಕಾರಂಜಿಗಳ ಯಂತ್ರಕೆಲಸ ಫ್ರಾನ್ಸಿನ ಜೆಸುಯಿಟ್ ಮಿಶೆಲ್ ಬೆನುಆನದು. ಒಂದು ಕಾರಂಜಿಯ ಸುತ್ತ ಹನ್ನೆರಡು ರಾಶಿಪ್ರಾಣಿಗಳು ಕೂತು ಸರದಿಯಂತೆ ಎರಡೆರಡು ಗಂಟೆ ನೀರು ಚಿಮ್ಮಿ ಹೊತ್ತು ತಿಳಿಸುತ್ತಿದ್ದವು. ನಡುಹಗಲಿಗೆ ಹನ್ನೆರಡೂ ಒಟ್ಟಿಗೆ. 1783ರಿಂದ 1786ರ ನಡುವೆ ಆ ಅರಮನೆಗಳ 20 ತಾಮ್ರದ ಅಚ್ಚುಗಳನ್ನು ಚೀನಾದ ಕಲಾವಿದರೇ ತಯಾರಿಸಿದರು.

ಆ ಹಾಳೆಗಳಲ್ಲಿ ಒಬ್ಬ ಮನುಷ್ಯನೂ ಇಲ್ಲ. ಚಿಪ್ಪು, ಸುರುಳಿ, ಬರೋಕ್ ಮೆಟ್ಟಿಲು, ಚಿಮ್ಮುವ ನೀರು ಎಲ್ಲವೂ ಇವೆ. ನೆಲದ ಕಲ್ಲುಹಾಸನ್ನೂ ಗೋಡೆಯ ಇಟ್ಟಿಗೆಯನ್ನೂ ಒಂದೇ ಗಟ್ಟಿತನದ ಗೆರೆಯಲ್ಲಿ ಕೊರೆದಿದ್ದಾರೆ, ದೂರದ್ದು ಮಸುಕಾಗುವುದಿಲ್ಲ. ಅಳತೆಯನ್ನು ಹೇಗೆ ಓದುವುದು ಎಂದು ಬಹಳ ಹೊತ್ತು ನೋಡಿದೆ.

ಆಮ್ಲಮಸಿ

ಮೆಟ್ಟಿಲುಗಳಿಂದ ಓದಬಹುದು. ಮೆಟ್ಟಿಲಿನ ಎತ್ತರ ಮನುಷ್ಯನ ಕಾಲಿಗೆ ಕಟ್ಟುಬಿದ್ದದ್ದು, ಆದ್ದರಿಂದ ಮನುಷ್ಯನನ್ನು ಬರೆಯದಿದ್ದರೂ ಮೆಟ್ಟಿಲು ಅವನ ಅಳತೆಯನ್ನು ಹೇಳುತ್ತದೆ. ದೂರ ಮಸುಕಾಗದಿರುವುದು ಕಚ್ಚುವಿಕೆಯ ಹಂತಗಳನ್ನು ಬಳಸದಿದ್ದರಿಂದ. ಹತ್ತಿರಕ್ಕೂ ದೂರಕ್ಕೂ ಒಂದೇ ಬಲದ ಗೆರೆ ಬಂದರೆ ಕಣ್ಣು ಮುಂದಿನದು ಯಾವುದು, ಹಿಂದಿನದು ಯಾವುದು ಎಂದು ಆಕಾರಗಳ ಗಾತ್ರದಿಂದಲೇ ಲೆಕ್ಕ ಹಾಕಬೇಕು. ಇದನ್ನು ನಾನು ಕೊರತೆಯೆಂದು ನೋಡುವುದಿಲ್ಲ. ರಾಶಿಪ್ರಾಣಿಗಳ ಕಾರಂಜಿಯ ಹಾಳೆಯನ್ನು ದೊಡ್ಡದಾಗಿಸಿ ನೀರಿನ ಗೆರೆಗಳನ್ನು ಹಿಡಿದು ಹೋಗಿ. ಅಲ್ಲಿ ಬಿಟ್ಟ ಬಿಳಿ ಕಡಿಮೆ, ಎಳೆ ಎಳೆಯಾಗಿ ಬರೆದ ನೀರು ಹೆಚ್ಚು. ಫಾಲ್ಡಾ ಬಿಟ್ಟುಬಿಟ್ಟದ್ದನ್ನು ಇವರು ಬರೆದು ತೋರಿಸಿದ್ದಾರೆ.